ವಥ್ಬಾಕ್ಕೆ ಹೋಗುವ ಲೆಕ್ಕ

ಮಷೀನಿಗೆ ಹಾಕುವ ಮೊದಲು ಜೇಬು ತಡವುವುದು ನನ್ನ ಕೆಲಸ.
ಚಿಲ್ಲರೆ ದಿರ್ಹಮ್, ಹಲ್ಲುಕಡ್ಡಿ, ಹಳೆಯ ಸಿಮ್ಮು,
ಒಮ್ಮೆ ಯಾವುದೋ ಮಗುವಿನ ಹಾಲುಹಲ್ಲು.
ಈ ಸಲ ಕಾಗದ. ನಾಲ್ಕು ಮಡಿಕೆ, ಅರ್ಧ ಒದ್ದೆ.
ಒಳಗೆ ಒಂದು ಕೆರೆ, ಸುತ್ತ ಚುಕ್ಕೆ ಚುಕ್ಕೆ ದಾರಿ,
ಮೂಲೆಯಲ್ಲಿ ಒಂಟಿಕಾಲಿನ ಹಕ್ಕಿ.
ಇಸ್ತ್ರಿಯ ಬಿಸಿಯನ್ನು ರೇಷ್ಮೆಯ ಗುರುತಿಗಿಳಿಸಿ
ಮೆಲ್ಲಗೆ ಎಳೆದೆ. ಕೆರೆ ಸಪಾಟಾಯಿತು.

ಸುರಪುರದ ಮೌನೇಶ ಓದಿದ: ‘ಇದು ರಾಜಹಂಸ ಅದಪ.’
ನನಗೆ ಗೊತ್ತಿದ್ದ ರಾಜಹಂಸ ಒಂದೇ,
ಹೊಸಪೇಟೆ ಸ್ಟ್ಯಾಂಡಿಗೆ ರಾತ್ರಿ ಬರುವ ಬಸ್ಸು.
ಹತ್ತಿದ್ದು ಒಂದೇ ಸಲ, ಪಾಸ್‌ಪೋರ್ಟನ್ನು
ಬನಿಯನ್ನಿನೊಳಗೆ ಇಟ್ಟುಕೊಂಡು.

ಲೆಕ್ಕ ಶುರುವಾದದ್ದು ಅಲ್ಲಿಂದ.
ಮುಸಫ್ಫಾದಿಂದ ಬಸ್ಸು ಹೋಗುತ್ತದಂತೆ,
ಗೇಟಿನ ತನಕ ಹೋಗುವುದಿಲ್ಲವಂತೆ.
ಗೇಟು ತೆರೆಯುವ ದಿನ ನಮಗೆ ರಜೆಯಿಲ್ಲ,
ನಮಗೆ ರಜೆಯಿರುವ ದಿನ ಹಕ್ಕಿಗಳಿಗೂ ರಜೆ.
ಪೀರ್‌ಸಾಬನ ಪಿಕಪ್ಪಿದೆ: ಮುಂದೆ ಅವನಲ್ಲದೆ ಇನ್ನೊಬ್ಬನಿಗೆ ಜಾಗ,
ತೆಳ್ಳಗಿದ್ದರೆ ಇಬ್ಬರಿಗೆ. ಹಿಂದೆ ಕೂತರೆ ದಂಡ.
ಡೀಸೆಲ್ಲಿಗೆ ತಲಾ ಹತ್ತು. ಪರೋಟ ಇಲ್ಲಿಂದಲೇ ಕಟ್ಟಿಸಿಕೊಳ್ಳುವುದು.
ಕೆಫೆಟೇರಿಯದ ಕುಂಞಿಮೊಯ್ದುವಿನ ಹತ್ತಿರ ದುರ್ಬೀನು ಇದೆ,
ಒಂದು ಕಣ್ಣು ಸರಿ, ಇನ್ನೊಂದರಲ್ಲಿ ಸದಾ ಮಂಜು.
‘ಒಂಟಿಕಾಲಿನ ಹಕ್ಕಿಗೆ ಒಂಟಿಕಣ್ಣು ಸಾಕು ಬಿಡಪ’ ಅಂದ ಮೌನೇಶ.

ಕಾಗದದ ಕೆಳಗೆ ಸಣ್ಣಕ್ಷರ: ಕಣ್ಣು ಕುಕ್ಕುವ ಬಣ್ಣ ತೊಡಬೇಡಿ.
ಅವನ ಕವರಾಲು ಕಿತ್ತಳೆ,
ದೂರದಿಂದ ಕಾಣಲಿ ಅಂತಲೇ ಕಂಪನಿ ಕೊಟ್ಟದ್ದು.
ನಾನೆಂದೆ, ಅದರ ಚಿಂತೆ ನನಗಿರಲಿ.
ಅರ್ಧ ಮುಸಫ್ಫಾದ ಬಟ್ಟೆ ನನ್ನ ಕೈಯಲ್ಲಿದೆ,
ಮೂರು ಮಣ್ಣುಬಣ್ಣದ ಅಂಗಿ ಒಂದು ಹಗಲಿನ ಮಟ್ಟಿಗೆ
ಸಾಲ ತೆಗೆದರೆ ಯಾರ ಗಂಟೇನು ಹೋಗುತ್ತದೆ,
ಸಂಜೆ ಒಗೆದಿಟ್ಟರಾಯಿತು.

ಊರಲ್ಲಿ ಹಕ್ಕಿ ನೋಡಲೆಂದು ಯಾರೂ ಹೋದವರಲ್ಲ.
ಅವೇ ಬರುತ್ತಿದ್ದವು, ಕೆರೆ ಏರಿಯ ಜಾಲಿಗೆ,
ನಾವು ಒಣಹಾಕಿದ ಪಂಚೆಗಳ ಮೇಲೆ ಹಿಕ್ಕೆ ಹಾಕಲು.
ಕವಣೆ ಬೀಸಿದವನು ನಾನು. ಗುರಿಯೂ ಚೆನ್ನಾಗಿತ್ತು.

ನಿನ್ನೆ ಮೌನೇಶ ಊಟದ ಮಧ್ಯೆ ಹೇಳಿದ,
‘ಆ ಕೆರಿ ನೀರು ಮಳಿದಲ್ಲ. ನಮ್ಮದ.
ಬಚ್ಚಲದ್ದು, ಗಟಾರದ್ದು, ಸೋಸಿ ಸೋಸಿ ಅಲ್ಲಿ ಬಿಟ್ಟಾರ.
ಪಂಪಿನ ಪೈಪಿಗೆ ನಾನ ವೆಲ್ಡಿಂಗ್ ಮಾಡೇನಿ.’
ತುತ್ತು ಕೈಯಲ್ಲೇ ನಿಂತಿತು.

ಕೊನೆಯ ಗಾಣಿಗೆ ಮಷೀನು ತಿರುಗುವಾಗ
ಮೋರಿಯ ಜಾಲರಿಯ ಹತ್ತಿರ ಕೂತು ನೋಡಿದೆ:
ಸಿಮೆಂಟು, ಗ್ರೀಸು, ಬೆವರು, ನೊರೆ,
ಗೊಳಗೊಳ ಅಂತ ಇಳಿದುಹೋಗುತ್ತದೆ. ಎಲ್ಲಿಗೆ ಅಂತ ಕೇಳಿರಲಿಲ್ಲ.
ಎರಡು ವರ್ಷದ ಹಿಂದೆ ಒಂದು ಕೆಂಪು ಅಂಗಿ ಬಣ್ಣ ಬಿಟ್ಟು
ಎಂಟು ಬಿಳಿ ಕಂದೂರ ಗುಲಾಬಿಯಾದವು,
ನನ್ನ ಸಂಬಳದಲ್ಲಿ ಮುರಿದರು.
ಆ ನೀರೂ ಅದೇ ಜಾಲರಿಯಲ್ಲಿ ಹೋಗಿದೆ.
ಹಕ್ಕಿಯ ಗುಲಾಬಿ ಅದಲ್ಲ, ಗೊತ್ತು.
ಸಣ್ಣ ಸೀಗಡಿ ತಿಂದು ಹಾಗಾಗುತ್ತದಂತೆ, ಫೋನು ಹೇಳಿತು.
ಆದರೂ ಒಮ್ಮೆ ಹತ್ತಿರದಿಂದ ನೋಡಬೇಕು.

ಪ್ಯಾಂಟಿನವನು ಇವತ್ತು ಬಂದ. ಜೇಬಿನಲ್ಲಿ ಏನಾದರೂ ಇತ್ತೇ ಅಂದ.
ಕೊಟ್ಟೆ. ಇಷ್ಟು ಗರಿಗರಿಯಾದ ನಕ್ಷೆಯನ್ನು
ಅವನು ಕಂಡಿರಲಿಕ್ಕಿಲ್ಲ, ತಿರುಗಿಸಿ ತಿರುಗಿಸಿ ನೋಡಿದ.
ದಾರಿ ನನಗೀಗ ಬಾಯಿಪಾಠ.

ಉಳಿದದ್ದು ರಜೆ.
ಹಕ್ಕಿ ನೋಡಲು ಅಂದರೆ ಮುದೀರ್ ನಕ್ಕಾನು,
ಹಲ್ಲುನೋವು ಅಂದರೆ ಕೊಟ್ಟಾನು.
ಸೋಮವಾರದಿಂದ ಎಡಗೆನ್ನೆ ಹಿಡಿದುಕೊಂಡೇ
ಇಸ್ತ್ರಿ ಮಾಡುತ್ತಿದ್ದೇನೆ.
ನಿನ್ನೆ ಸಂಜೆಯಿಂದ
ನಿಜಕ್ಕೂ ನೋಯುತ್ತಿದೆ.